ನವವೈದ್ಯರ ಭಾವನಿರ್ವಹಣೆ

ವೈದ್ಯಪದವಿಯ ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಆಸ್ಪತ್ರೆಯ ಕೆಲಸಕ್ಕೆ ಮೊದಲ ಬಾರಿಗೆ ಸೇರಿದವರು ತಮ್ಮಲ್ಲಿ ಮೂಡುವ ಭಯ, ದುಃಖ, ಕೋಪ, ಜುಗುಪ್ಸೆ, ಅಪರಾಧಪ್ರಜ್ಞೆ ಮೊದಲಾದ ಭಾವಗಳನ್ನು ವೃತ್ತಿಗೆ ಒಪ್ಪುವಂತೆ ತಡೆಹಿಡಿಯುವ, ಮಾರ್ಪಡಿಸುವ ಅಥವಾ ಪ್ರಕಟಿಸುವ ಕ್ರಮಗಳ ಒಟ್ಟು ಹೆಸರು. ಭಾರತದಲ್ಲಿ ಈ ಅವಧಿಯೆಂದರೆ ನಾಲ್ಕೂವರೆ ವರ್ಷಗಳ ಎಂ.ಬಿ.ಬಿ.ಎಸ್. ವ್ಯಾಸಂಗದ ಬಳಿಕ ಬರುವ, ಕರ್ನಾಟಕದಲ್ಲಿ ಹೌಸ್ ಸರ್ಜನ್ಸಿ ಎಂದು ರೂಢಿಯಲ್ಲಿರುವ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ ಮತ್ತು ಸ್ನಾತಕೋತ್ತರ ರೆಸಿಡೆನ್ಸಿಯ ಮೊದಲ ವರ್ಷಗಳು. ಬ್ರಿಟನ್ನಿನಲ್ಲಿ 2005ರಲ್ಲಿ ಜಾರಿಗೆ ಬಂದ ಎರಡು ವರ್ಷಗಳ ಫೌಂಡೇಶನ್ ತರಬೇತಿ ಇದಕ್ಕೆ ಸಂವಾದಿಯಾದುದು.

ಪರಿಕಲ್ಪನೆಯ ಬೆಳವಣಿಗೆ

ಕೆನಡಾ ಮೂಲದ ವೈದ್ಯ ವಿಲಿಯಂ ಆಸ್ಲರ್ 1889ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಮಾಡಿದ ಬೀಳ್ಕೊಡುಗೆಯ ಭಾಷಣದಲ್ಲಿ, ಎಂಥ ಸಂಕಟದಲ್ಲಿಯೂ ಕದಡದ ಸಮಚಿತ್ತವನ್ನು ವೈದ್ಯನ ಪ್ರಧಾನ ಗುಣವೆಂದು ಎತ್ತಿಹಿಡಿದರು. 1963ರಲ್ಲಿ ಹೆರಾಲ್ಡ್ ಲೀಫ್ ಮತ್ತು ಸಮಾಜವಿಜ್ಞಾನಿ ರೆನೆ ಫಾಕ್ಸ್ ವೈದ್ಯಶಿಕ್ಷಣವನ್ನು ವಿಶ್ಲೇಷಿಸಿ, ರೋಗಿಯ ಬಗ್ಗೆ ಕಳಕಳಿಯಿದ್ದೂ ಅವನ ನೋವಿನಲ್ಲಿ ಮುಳುಗಿಹೋಗದಿರುವ ಮನೋಭಾವವನ್ನು ವಿದ್ಯಾರ್ಥಿಗಳು ಹಂತಹಂತವಾಗಿ ರೂಢಿಸಿಕೊಳ್ಳುತ್ತಾರೆಂದು ತೋರಿಸಿ, ಅದನ್ನು ‘ನಿರ್ಲಿಪ್ತ ಕಾಳಜಿ’ ಎಂದು ಕರೆದರು. ಸಮಚಿತ್ತವು ಹುಟ್ಟುಗುಣವಲ್ಲ, ಕಲಿತದ್ದು ಎಂಬ ಈ ನಿಲುವಿಗೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಹೊಸ ಆಯಾಮ ನೀಡಿದರು. ಮುಖ್ಯವಾಗಿ ಗಗನಸಖಿಯರನ್ನು ಅಧ್ಯಯನ ಮಾಡಿದ ಅವರು, ಸಂಬಳದ ಕೆಲಸದ ಭಾಗವಾಗಿ ಭಾವಗಳನ್ನು ಹದಗೊಳಿಸುವುದನ್ನು ‘ಭಾವಶ್ರಮ’ ಎಂದು ಗುರುತಿಸಿ, ಇಲ್ಲದ ಭಾವವನ್ನು ಮುಖದಲ್ಲಿ ಮಾತ್ರ ತೋರುವ ಹೊರನಟನೆ ಮತ್ತು ಅಪೇಕ್ಷಿತ ಭಾವವನ್ನು ಮನಸ್ಸಿನಲ್ಲೇ ತಂದುಕೊಳ್ಳುವ ಒಳನಟನೆ ಎಂಬ ಎರಡು ಬಗೆಗಳನ್ನು ವಿಂಗಡಿಸಿದರು.

ಕೆಲಸದ ಸನ್ನಿವೇಶ

ರಕ್ತ ತೆಗೆಯುವುದು, ಡ್ರಿಪ್ ಹಾಕುವುದು, ಕೇಸ್ ಶೀಟ್ ಬರೆಯುವುದು ಮೊದಲಾದ ಕೆಲಸಗಳಿಗಾಗಿ ಹೌಸ್ ಸರ್ಜನ್ ದಿನದ ಬಹುಪಾಲು ರೋಗಿಯ ಮಗ್ಗುಲಲ್ಲೇ ಇರುತ್ತಾರೆ. ಆದರೆ ಚಿಕಿತ್ಸೆಯ ನಿರ್ಧಾರ ಮೇಲಿನವರದು. ಹೀಗಾಗಿ ಹಾಸಿಗೆ ಸಿಗದ, ಸ್ಕ್ಯಾನ್ ತಡವಾದ, ರೋಗಿ ಉಳಿಯದ ಸಂದರ್ಭಗಳಲ್ಲಿ ರೋಗಿಯ ಕಡೆಯವರ ಸಿಟ್ಟು ಮೊದಲು ತಾಗುವುದು ಅಧಿಕಾರ ಕಡಿಮೆಯಿರುವ ಈ ಕಿರಿಯರಿಗೆ. ಇಂಥ ಸಿಟ್ಟು ಹಲ್ಲೆಗೆ ತಿರುಗುವುದನ್ನು ತಡೆಯಲೆಂದು ಕರ್ನಾಟಕದಲ್ಲಿ 2009ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಇನ್ನೊಂದೆಡೆ, ರೌಂಡ್ಸ್ ವೇಳೆ ರೋಗಿಗಳ ಎದುರಿನಲ್ಲಿಯೇ ಹಿರಿಯರಿಂದ ಬೈಸಿಕೊಂಡರೂ ಮರುಕ್ಷಣವೇ ಮುಂದಿನ ಹಾಸಿಗೆಯ ರೋಗಿಯೊಡನೆ ಸಮಾಧಾನದಿಂದ ಮಾತನಾಡಬೇಕಾಗುತ್ತದೆ. ಕ್ಯಾನ್ಸರ್‌ನಂಥ ಕಾಯಿಲೆಯನ್ನು ರೋಗಿಗೆ ತಿಳಿಸಬೇಡಿರೆಂದು ಮನೆಯವರು ಕೇಳಿಕೊಳ್ಳುವುದು ಭಾರತದಲ್ಲಿ ಸಾಮಾನ್ಯವಾಗಿರುವುದರಿಂದ, ರೋಗಿಯೇ ನೇರವಾಗಿ ಪ್ರಶ್ನಿಸಿದಾಗ ಮುಖಭಾವವನ್ನು ಕಾಯ್ದುಕೊಳ್ಳುವ ಹೊರೆಯೂ ಇದಕ್ಕೆ ಸೇರುತ್ತದೆ.

ನಿರ್ವಹಣೆಯ ಬಗೆಗಳು

ಮನೋವಿಜ್ಞಾನಿ ಜೇಮ್ಸ್ ಗ್ರಾಸ್ ಅವರ ವಿಶ್ಲೇಷಣೆಯಂತೆ, ಘಟನೆಯನ್ನು ಬೇರೊಂದು ಅರ್ಥದಲ್ಲಿ ಕಂಡು ಭಾವವನ್ನು ಮೊದಲೇ ಮಾರ್ಪಡಿಸುವುದು ಒಂದು ಬಗೆಯಾದರೆ, ಮೂಡಿದ ಭಾವ ಹೊರಗೆ ಕಾಣದಂತೆ ಅದುಮುವುದು ಇನ್ನೊಂದು. ಬೈದ ಸಂಬಂಧಿಕರ ಮಾತನ್ನು ಅವರ ಅಸಹಾಯಕತೆಯ ಫಲವೆಂದು ತಿಳಿದುಕೊಳ್ಳುವುದು ಮೊದಲನೆಯದಕ್ಕೆ ನಿದರ್ಶನ. ಎರಡನೆಯದರಲ್ಲಿ ಮುಖ ಶಾಂತವಾಗಿ ಕಂಡರೂ ದೇಹದ ಉದ್ವೇಗ ಇಳಿಯುವುದಿಲ್ಲ. ಆ ಹೊತ್ತಿನಲ್ಲಿ ಕೇಳಿದ್ದು ನೆನಪಿನಲ್ಲಿ ಉಳಿಯುವುದೂ ಕಡಿಮೆಯಾಗುವುದರಿಂದ, ರೋಗವಿವರಗಳನ್ನು ನೆನಪಿಡಬೇಕಾದ ವೈದ್ಯರಿಗೆ ಇದು ಕೇವಲ ಖಾಸಗಿ ನಷ್ಟವಲ್ಲ. ಗಮನವನ್ನು ಕೈಯಲ್ಲಿರುವ ಕೆಲಸಕ್ಕೆ ಸೀಮಿತಗೊಳಿಸುವುದು, ಡ್ಯೂಟಿ ರೂಮಿನಲ್ಲಿ ಸಹೋದ್ಯೋಗಿಗಳೊಡನೆ ಸಾವನ್ನೂ ತಮಾಷೆಯಾಗಿಸಿ ಮಾತನಾಡುವುದು, ಅನುಭವಿ ನರ್ಸ್‌ಗಳ ಬಳಿ ಹೇಳಿಕೊಳ್ಳುವುದು ಬಳಕೆಯಲ್ಲಿರುವ ಇತರ ದಾರಿಗಳು.

ಪರಿಣಾಮಗಳು

ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ಪ್ರಕಟಿಸಿದ ಮಾಪಕವು ವೃತ್ತಿದಣಿವನ್ನು ಭಾವನಾತ್ಮಕ ಬಳಲಿಕೆ, ರೋಗಿಯನ್ನು ವ್ಯಕ್ತಿಯಾಗಿ ಕಾಣದಿರುವಿಕೆ ಮತ್ತು ಸಾಧನೆಯ ಭಾವ ಕುಗ್ಗುವಿಕೆ ಎಂಬ ಮೂರು ಮುಖಗಳಲ್ಲಿ ಅಳೆಯುತ್ತದೆ. ನಿರ್ಲಿಪ್ತತೆ ಉಳಿದು ಕಾಳಜಿ ಬತ್ತಿದ ಸ್ಥಿತಿಯೇ ಇವುಗಳಲ್ಲಿ ಎರಡನೆಯದು. ಚಿಕಿತ್ಸೆಯಲ್ಲಾದ ತಪ್ಪಿನಿಂದ ರೋಗಿಯ ಜೊತೆಗೆ ವೈದ್ಯರೂ ಜರ್ಜರಿತರಾಗುವುದನ್ನು ಆಲ್ಬರ್ಟ್ ವೂ 2000ದಲ್ಲಿ ‘ಎರಡನೆಯ ಬಲಿಪಶು’ ಎಂಬ ಮಾತಿನಿಂದ ಸೂಚಿಸಿದರು.

ತರಬೇತಿ ಮತ್ತು ಸಾಂಸ್ಥಿಕ ಕ್ರಮಗಳು

ಲಂಡನ್ನಿನಲ್ಲಿ 1950ರ ದಶಕದಲ್ಲಿ ಮೈಕೇಲ್ ಬಾಲಿಂಟ್ ಆರಂಭಿಸಿದ ಗುಂಪುಗಳಲ್ಲಿ ವೈದ್ಯರು ತಮ್ಮನ್ನು ಕಾಡಿದ ರೋಗಿಗಳ ಬಗ್ಗೆ ಚರ್ಚಿಸುತ್ತಿದ್ದರು. ಈ ಪದ್ಧತಿ ಇಂದಿಗೂ ಹಲವು ದೇಶಗಳಲ್ಲಿದೆ. ಭಾರತದಲ್ಲಿ 2019ರ ಸಾಮರ್ಥ್ಯಾಧಾರಿತ ಪಠ್ಯಕ್ರಮವು ‘ಎಟ್‌ಕಾಂ’ ಎಂಬ ಘಟಕದ ಮೂಲಕ ಮನೋಧರ್ಮ, ನೈತಿಕತೆ ಮತ್ತು ಸಂವಹನದ ಬೋಧನೆಯನ್ನು ವಿಧಿಸಿತು. ಕಹಿಸುದ್ದಿ ತಿಳಿಸಲು 2000ದಲ್ಲಿ ಪ್ರಕಟವಾದ ‘ಸ್ಪೈಕ್ಸ್’ ಕ್ರಮವು ಆರು ಹಂತಗಳದು: ಏಕಾಂತದ ಜಾಗ ಹೊಂದಿಸುವುದು, ರೋಗಿಗೆ ತಿಳಿದಿರುವುದನ್ನು ಕೇಳುವುದು, ಎಷ್ಟು ತಿಳಿಯುವ ಇಚ್ಛೆಯಿದೆಯೆಂದು ಅರಿಯುವುದು, ವಿಷಯ ಹೇಳುವುದು, ಭಾವಕ್ಕೆ ಸ್ಪಂದಿಸುವುದು, ಮುಂದಿನ ದಾರಿಯನ್ನು ಗೊತ್ತುಪಡಿಸುವುದು. ಕಿಕ್ಕಿರಿದ ವಾರ್ಡಿನಲ್ಲಿ ಇದರ ಮೊದಲ ಹಂತಕ್ಕೇ ಅವಕಾಶವಿರುವುದಿಲ್ಲ. ರೆಸಿಡೆಂಟರ ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ನಿರ್ದೇಶಿಸಿದ್ದರೂ ಅದಕ್ಕಿಂತ ದೀರ್ಘವಾದ ಪಾಳಿಗಳು ಮುಂದುವರಿದಿವೆ. ವೈಯಕ್ತಿಕ ಮನೋಸ್ಥೈರ್ಯವನ್ನು ಬೆಳೆಸುವ ಶಿಬಿರಗಳು ಸಿಬ್ಬಂದಿಯ ಕೊರತೆ, ನಿದ್ರಾಹೀನತೆ ಮತ್ತು ಶ್ರೇಣಿಯ ದಬ್ಬಾಳಿಕೆಯನ್ನು ಕಿರಿಯ ವೈದ್ಯರ ಸ್ವಭಾವದೋಷವೆಂಬಂತೆ ತೋರಿಸುತ್ತವೆ ಎಂಬ ಟೀಕೆ ಈ ಹಿನ್ನೆಲೆಯಲ್ಲಿ ಹುಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ವೃತ್ತಿದಣಿವನ್ನು ರೋಗಗಳ ಸಾಲಿಗೆ ಸೇರಿಸದೆ, ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಉಂಟಾಗುವ ಔದ್ಯೋಗಿಕ ವಿದ್ಯಮಾನವೆಂದೇ ಪರಿಗಣಿಸಿದೆ.