ಕೋಠಿಯೊಳಗಿನ ಪುಟ್ಟ ಕೋಠಿ

ಹೈದರಾಬಾದಿನ ಸುಲ್ತಾನ್ ಬಜಾರಿಗೆ ಹೋಗುವವರಲ್ಲಿ ಹೆಚ್ಚಿನವರು ಬಟ್ಟೆ ಕೊಳ್ಳಲು, ಇಲ್ಲವೇ ಹಳೆಯ ಪುಸ್ತಕ ಹುಡುಕಲು ಹೋಗುತ್ತಾರೆ. ಆ ಇಡೀ ಪ್ರದೇಶಕ್ಕೆ ಕೋಠಿ ಎಂಬ ಹೆಸರು ತಂದುಕೊಟ್ಟ ಬಂಗಲೆ ಮಾತ್ರ ಕಾಂಪೌಂಡಿನ ಒಳಗೆ, ಗದ್ದಲಕ್ಕೆ ಕಿವಿಗೊಡದೆ ನಿಂತಿದೆ. ಅದೇ ಬ್ರಿಟಿಷ್ ರೆಸಿಡೆನ್ಸಿ. 1933ರಲ್ಲಿ ನಿಜಾಮರಿಗೆ ಮರಳುವವರೆಗೆ ಬಜಾರಿಗೂ ರೆಸಿಡೆನ್ಸಿ ಬಜಾರ್ ಎಂದೇ ಹೆಸರು. ಅಲ್ಲಿಯವರೆಗೆ, ಸುತ್ತ ನಿಜಾಮರ ರಾಜ್ಯವಿದ್ದರೂ ಈ ಬೀದಿಗಳಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ಅಧಿಕಾರ.

ಮನೆ ಕಟ್ಟಿಸಿದವನು ಮದ್ರಾಸಿನಲ್ಲಿ ಹುಟ್ಟಿದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. 1798ರಲ್ಲಿ ನಿಜಾಮ್ ಅಲಿ ಖಾನ್ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದಾಗ, ನಿಜಾಮನ ಸೇವೆಯಲ್ಲಿದ್ದ ಫ್ರೆಂಚರ ಪಡೆಯನ್ನು ವಿಸರ್ಜಿಸಿದಾಗ ಅಲ್ಲಿದ್ದ ಕಂಪನಿಯ ಪ್ರತಿನಿಧಿ ಇವನೇ. ಜಾಗ ಕೇಳಿದ ಬಗ್ಗೆ ಒಂದು ಕಥೆ ಇದೆ. ರೆಸಿಡೆಂಟ್ ಕಳಿಸಿದ ದೊಡ್ಡ ನಕ್ಷೆಯನ್ನು ನೋಡಿ ನಿಜಾಮ ಗಾಬರಿಯಾಗಿ ಒಲ್ಲೆ ಎಂದನಂತೆ. ತನ್ನ ರಾಜ್ಯದ ನಕ್ಷೆಯೂ ಅಷ್ಟು ದೊಡ್ಡದಿರಲಿಲ್ಲ! ಅದೇ ಜಾಗವನ್ನು ಒಂದು ಚಿಕ್ಕ ಕಾರ್ಡಿನ ಮೇಲೆ ಬರೆದು ಕಳಿಸಿದಾಗ ಒಪ್ಪಿಗೆ ಸಿಕ್ಕಿತಂತೆ. ಕಥೆ ಕಟ್ಟಿದ್ದೇ ಇರಬಹುದು. ಆದರೆ ಕಂಪನಿ ಜಾಗ ಹಿಡಿಯುತ್ತಿದ್ದ ರೀತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗುವುದು ಕಷ್ಟ. ಕಟ್ಟಡದ ಖರ್ಚೂ ನಿಜಾಮನದೇ.

ವಿನ್ಯಾಸ ಮದ್ರಾಸ್ ಎಂಜಿನಿಯರ್ಸ್‌ನ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ರಸೆಲ್‌ನದು. ಕೆಲಸ ಶುರುವಾದದ್ದು 1803ರ ಸುಮಾರಿಗೆ. ಕಲ್ಕತ್ತೆಯಲ್ಲಿ ವೆಲ್ಲೆಸ್ಲಿಯ ಸರ್ಕಾರಿ ಭವನ ಮುಗಿದದ್ದೂ ಆ ವರ್ಷವೇ. ಎತ್ತರದ ಮೆಟ್ಟಿಲುಗಳು, ಎರಡು ಪಕ್ಕದಲ್ಲಿ ಸಿಂಹಗಳು, ಮೇಲೆ ಸುಮಾರು 40 ಅಡಿ ಎತ್ತರದ ಆರು ಕೊರಿಂಥಿಯನ್ ಕಂಬಗಳು, ಅವುಗಳ ನೆತ್ತಿಯ ತ್ರಿಕೋನದಲ್ಲಿ ಕಂಪನಿಯ ಲಾಂಛನ. ರೂಪ ಗ್ರೀಕ್–ರೋಮನ್, ಮೈ ನಮ್ಮ ಸುಣ್ಣದ ಗಾರೆಯದು. ಒಳಗೆ ಎರಡಂತಸ್ತಿನ ಎತ್ತರದ ದರ್ಬಾರ್ ಹಾಲ್, ಬಣ್ಣದ ಚಿತ್ತಾರದ ಚಾವಣಿ, ಅದರ ಹಿಂದೆ ಬಾಗಿ ಏರುವ ಮೆಟ್ಟಿಲು. ರೆಸಿಡೆಂಟ್ ಎಂದರೆ ಕಾಗದದ ಮೇಲೆ ರಾಯಭಾರಿ ಅಷ್ಟೆ. ಈ ಮೆಟ್ಟಿಲು ಹತ್ತಿ ಬಂದ ಅಮೀರರಿಗೆ ಹಾಗೆ ಅನಿಸಿರಲಾರದು.

ಇದೇ ಆವರಣದಲ್ಲಿ ಇನ್ನೊಂದು ಮನೆಯಿತ್ತು: ರಂಗ ಮಹಲ್. ಕರ್ಕ್‌ಪ್ಯಾಟ್ರಿಕ್ ಹೈದರಾಬಾದಿನ ಉನ್ನತ ಮನೆತನದ ಖೈರುನ್ನಿಸಾಳನ್ನು ಮುಸ್ಲಿಂ ಪದ್ಧತಿಯಂತೆ ಮದುವೆಯಾಗಿದ್ದ. ಆ ಸಂಬಂಧದ ಬಗ್ಗೆ ಮೇಲಿನವರಿಂದ ವಿಚಾರಣೆಯನ್ನೂ ಎದುರಿಸಿದ್ದ. ಆಕೆ ಇದ್ದದ್ದು ಈ ಜನಾನಾದಲ್ಲಿ. ಪರದೆಯಲ್ಲಿದ್ದ ಬೇಗಂ ದೊಡ್ಡ ಮನೆಯ ಮುಂಭಾಗ ನೋಡುವಂತಿರಲಿಲ್ಲ. ಅದಕ್ಕೇ ಅದರ ಪುಟ್ಟ ಮಾದರಿಯೊಂದನ್ನು ಆಕೆಯ ತೋಟದಲ್ಲಿ ಕಟ್ಟಿಸಿದ ಎನ್ನುತ್ತಾರೆ. ಕಂಬ, ಕಿಟಕಿ ಎಲ್ಲ ಇರುವ, ಮಕ್ಕಳ ಆಟದ ಮನೆಯಂಥ ರೆಸಿಡೆನ್ಸಿ. ಇಬ್ಬರು ಮಕ್ಕಳನ್ನು 1805ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿಸಲಾಯಿತು. ಅದೇ ಅಕ್ಟೋಬರ್ 15ರಂದು ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡ. ಆಗ ಅವನಿಗೆ 41 ವರ್ಷ. ಮಕ್ಕಳನ್ನು ತಾಯಿ ಮತ್ತೆ ನೋಡಲಿಲ್ಲ.

1857ರ ಜುಲೈ 17ರಂದು ತುರ್ರೆಬಾಜ್ ಖಾನ್, ಮೌಲ್ವಿ ಅಲ್ಲಾವುದ್ದೀನ್ ನೇತೃತ್ವದಲ್ಲಿ ಜನ ರೆಸಿಡೆನ್ಸಿಯ ಮೇಲೆ ನುಗ್ಗಿದರು. ದಾಳಿ ಸೋತಿತು; ಮೌಲ್ವಿಯನ್ನು ಅಂಡಮಾನಿಗೆ ಕಳಿಸಿದರು. ಮರುವರ್ಷದ ಆರಂಭದಲ್ಲಿ ಸುರಪುರದ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕಾಗ, ಸಾಲಾರ್ ಜಂಗ್ ಅವನನ್ನು ಒಪ್ಪಿಸಿದ್ದು ಇಲ್ಲಿನ ರೆಸಿಡೆಂಟನಿಗೇ. ಆಮೇಲೆ ಆವರಣದ ಗೋಡೆಗಳು ಬಲವಾದವು, ಬುರುಜುಗಳು ಎದ್ದವು. 1860ರ ಆಸುಪಾಸಿನಲ್ಲಿ ರಂಗ ಮಹಲನ್ನು ಕೆಡವಿಸಲಾಯಿತು. ಬ್ರಿಟಿಷ್ ಅಧಿಕಾರಿಯೊಬ್ಬ ದೇಶೀ ಬೇಗಂ ಜೊತೆ ಬಾಳಿದ್ದ ಗುರುತು ಹೊಸ ಕಾಲದ ಸಾಹೇಬರಿಗೆ ಮುಜುಗರ ತರುತ್ತಿತ್ತು. ಶತ್ರುಗಳಿಗೆ ಹೆದರಿ ಗೋಡೆ ಕಟ್ಟಿದ್ದು ಅರ್ಥವಾಗುತ್ತದೆ. ಸತ್ತ ಹೆಂಗಸಿನ ಮನೆಗೆ ಹೆದರಿದ್ದು ವಿಚಿತ್ರ.

ದೊಡ್ಡ ಮನೆಯನ್ನು ಉಳಿಸಿದ್ದು ಹೆಣ್ಣುಮಕ್ಕಳು. 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಇಲ್ಲಿಗೆ ಬಂತು. ದಶಕಗಟ್ಟಲೆ ಈ ಕಂಬಗಳ ಹಿಂದೆ ಪಾಠ ನಡೆಯಿತು. ಆದರೆ ಬಳಕೆ ಬೇರೆ, ಆರೈಕೆ ಬೇರೆ. ಚಾವಣಿ ಸೋರಿತು, ಗಾರೆ ಉದುರಿತು, ಕೊನೆಗೆ ಒಳಗೆ ಕೂರುವುದೇ ಅಪಾಯವಾಯಿತು. 2002ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಅಳಿವಿನ ಅಂಚಿನ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ವಿಲಿಯಂ ಡಾಲ್‌ರಿಂಪಲ್‌ನ 'ವೈಟ್ ಮೊಗಲ್ಸ್' ಬಂದು ಖೈರುನ್ನಿಸಾಳ ಹೆಸರು ಎಲ್ಲೆಡೆ ಕೇಳಿಬಂತು. ದುರಸ್ತಿ ನಿಧಾನವಾಗಿ ಸಾಗಿ 2023ರ ಜನವರಿಯಲ್ಲಿ ಬಾಗಿಲು ಮತ್ತೆ ತೆರೆಯಿತು. ಅಷ್ಟರಲ್ಲಿ ಕಾಲೇಜೂ ವಿಶ್ವವಿದ್ಯಾಲಯವಾಗಿತ್ತು. 2024ರಲ್ಲಿ ಅದಕ್ಕೆ ತೆಲಂಗಾಣ ರೈತ ಹೋರಾಟದ ಚಾಕಲಿ ಐಲಮ್ಮನ ಹೆಸರಿಟ್ಟರು.

ರಂಗ ಮಹಲ್ ಈಗಿಲ್ಲ. ಬೇಗಂಗಾಗಿ ಕಟ್ಟಿದ ಪುಟ್ಟ ಮಾದರಿ ಮಾತ್ರ, ಒಮ್ಮೆ ಜಖಂಗೊಂಡರೂ, ಆವರಣದ ಹಿಂದೆ ಉಳಿದುಕೊಂಡಿದೆ.