ಬೀಟಾ-ಅಲನಿನ್

ಸ್ನಾಯುಗಳಲ್ಲಿ ಕಾರ್ನೊಸಿನ್ ಎಂಬ ಸಂಯುಕ್ತದ ಸಂಗ್ರಹವನ್ನು ಹೆಚ್ಚಿಸಲು ಕ್ರೀಡಾಪಟುಗಳು ಪೂರಕವಾಗಿ ಸೇವಿಸುವ ಅಮೈನೋ ಆಮ್ಲ. ಪ್ರೋಟೀನುಗಳ ರಚನೆಯಲ್ಲಿ ಇದಕ್ಕೆ ಪಾತ್ರವಿಲ್ಲ. ಯಕೃತ್ತಿನಲ್ಲಿ ತಯಾರಾಗುತ್ತದೆ, ಮಾಂಸ ಮತ್ತು ಮೀನಿನಿಂದಲೂ ದೊರೆಯುತ್ತದೆ. ಹೀಗಾಗಿ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಕಾರ್ನೊಸಿನ್ ಸಾಮಾನ್ಯವಾಗಿ ಕಡಿಮೆ.

ಸ್ನಾಯುವಿನಲ್ಲಿ ಬೀಟಾ-ಅಲನಿನ್ ಹಿಸ್ಟಿಡಿನ್ ಜೊತೆ ಕೂಡಿ ಕಾರ್ನೊಸಿನ್ ಆಗುತ್ತದೆ. ತೀವ್ರ ಶ್ರಮದಲ್ಲಿ ಹೈಡ್ರೊಜನ್ ಅಯಾನುಗಳು ಶೇಖರವಾಗಿ ಸ್ನಾಯುಕೋಶದ ಆಮ್ಲೀಯತೆ ಏರುತ್ತದೆ. ಕಾರ್ನೊಸಿನ್ ಆ ಅಯಾನುಗಳನ್ನು ಹಿಡಿದಿಟ್ಟು ಏರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ 800 ಮೀಟರ್ ಓಟ, 200 ಮೀಟರ್ ಈಜಿನಂಥ 1ರಿಂದ 4 ನಿಮಿಷಗಳ ತೀವ್ರ ಸ್ಪರ್ಧೆಗಳಲ್ಲಿ ಬೀಟಾ-ಅಲನಿನ್‌ನ ಉಪಯೋಗ ಹೆಚ್ಚು. 100 ಮೀಟರ್ ಓಟ, ಮ್ಯಾರಥಾನ್‌ಗಳಲ್ಲಿ ಪುರಾವೆ ದುರ್ಬಲ. ಚೆನ್ನಾಗಿ ತರಬೇತಾದವರಲ್ಲಿ ಲಾಭ ಅಲ್ಪ, ಆದರೆ ಪದಕ ನಿರ್ಧಾರವಾಗುವ ಅಂತರವೂ ಅಷ್ಟೇ ಅಲ್ಪ.

ದಿನಕ್ಕೆ 3.2ರಿಂದ 6.4 ಗ್ರಾಂನಂತೆ ಕೆಲವು ವಾರ ಸೇವಿಸಿದರಷ್ಟೇ ಕಾರ್ನೊಸಿನ್ ಗಣನೀಯವಾಗಿ ಏರುತ್ತದೆ; ಸ್ಪರ್ಧೆಯ ದಿನ ಮಾತ್ರ ಸೇವಿಸಿ ಫಲವಿಲ್ಲ. ಒಮ್ಮೆಗೇ ಹೆಚ್ಚು ಸೇವಿಸಿದರೆ ಮುಖ, ಕುತ್ತಿಗೆ, ಕೈಗಳ ಚರ್ಮ ಜುಮುಗುಟ್ಟುತ್ತದೆ. ಕಂತುಗಳಲ್ಲಿ ಸೇವಿಸಿದರೆ ಇದು ಕಡಿಮೆ.

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2018ರ ಸಹಮತ ಹೇಳಿಕೆ ಬೀಟಾ-ಅಲನಿನನ್ನು ಕೆಫೀನ್, ಕ್ರಿಯಾಟಿನ್, ನೈಟ್ರೇಟ್, ಬೈಕಾರ್ಬೊನೇಟ್‌ಗಳ ಸಾಲಿನಲ್ಲಿ ಪುರಾವೆಯುಳ್ಳ ಪೂರಕವೆಂದು ಗುರುತಿಸಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇದಿಲ್ಲ. ಆದರೆ ಕಲಬೆರಕೆಯಾದ ಪೂರಕದಿಂದ ನಿಷೇಧಿತ ವಸ್ತು ದೇಹ ಸೇರಿದರೆ ಹೊಣೆ ಕ್ರೀಡಾಪಟುವಿನದೇ.