ಗಾಡಿ ಕಾಯೋ ಪೆಟ್ಟಿಗೆಯ ಕತೆ

ಈಗ ನಮ್ಮ ಕ್ಯಾಲನೂರಲ್ಲಿ ಕಾರು, ಬೊಲೆರೋ, ಟಾಟಾ ಏಸ್ ಇಲ್ಲದ ಬೀದಿ ಇಲ್ಲ. ಗಾಡಿ ಹಿಂದೇನೇ ಅದನ್ನ ಕಾಯೋ ಪುಟ್ಟ ಪೆಟ್ಟಿಗೇನೂ ಬಂತು. ಜಿಪಿಎಸ್ ಅಂತೀವಲ್ಲ, ಅದೇ. ರಾತ್ರಿ ಎರಡು ಗಂಟೆಗೆ ಫೋನು ಬಡ್ಕೊಂಡ್ರೆ ಗಂಡಸರು ಮಗ್ಗುಲಾಗ್ತಾರೆ, ಎದ್ದು ಕಿಟಕಿ ತೆಗೆಯೋರು ನಾವು. ಅದಕ್ಕೇ ಈ ಪೆಟ್ಟಿಗೆ ಎಲ್ಲಿಂದ ಬಂತು, ಯಾಕೆ ಸುಳ್ಳು ಹೇಳ್ತದೆ ಅನ್ನೋದು ನಾವು ತಿಳ್ಕೊಂಡಿರಬೇಕು.

ನಮ್ಮತ್ತೆ ಕಾಲದಲ್ಲಿ ಗಾಡಿ ಅಂದ್ರೆ ಎತ್ತಿನಗಾಡಿ. ಕದಿಯೋರು ಗಾಡೀನಲ್ಲ, ಎತ್ತನ್ನ. ಎತ್ತಿನ ಕೊರಳ ಗಂಟೇನೇ ಆಗಿನ ಕಾವಲು. ಕೊಟ್ಟಿಗೇಲಿ ಮೆಲುಕು ಹಾಕೋ ಎತ್ತಿನ ಗಂಟೆ ಸದ್ದು ಒಂದು ಥರ, ಹಗ್ಗ ಬಿಚ್ಚಿ ನಡೆಸಿಕೊಂಡು ಹೋಗೋ ಸದ್ದು ಇನ್ನೊಂದು ಥರ ಅಂತ ಅತ್ತೆ ಹೇಳೋರು. ನಾಯೀನೂ ಹಂಗೇ, ನರಿಗೆ ಬೊಗಳೋದು ಬೇರೆ, ಹೊಸಬರಿಗೆ ಬೊಗಳೋದು ಬೇರೆ. ಸದ್ದು ಬದಲಾದ್ರೆ ಕೇರಿಯೆಲ್ಲ ಲಾಟೀನು ಹಿಡ್ಕೊಂಡು ಬರೋರು.

ಮೋಟಾರು ಬಂದ ಮೇಲೆ ಆ ಗಂಟೆ ಜಾಗಕ್ಕೆ ಕಾರಿನ ಅಲಾರಂ ಬಂತು. ಅದಕ್ಕೆ ಕಳ್ಳನೂ ಒಂದೇ, ಬೆಕ್ಕೂ ಒಂದೇ, ಗುಡುಗೂ ಒಂದೇ. ಅಮೆರಿಕದ ನ್ಯೂಯಾರ್ಕಿನಲ್ಲಿ ಇದರ ಕಾಟ ತಡೀಲಾರದೆ, ಮೂರು ನಿಮಿಷದೊಳಗೆ ಅಲಾರಂ ತಾನಾಗೇ ನಿಲ್ಲಬೇಕು ಅಂತ ಕಾನೂನೇ ಮಾಡಿದ್ರು. ಅದೇ ದೇಶದ ಮ್ಯಾಸಚೂಸೆಟ್ಸ್‌ನಲ್ಲಿ ವಿಲಿಯಂ ರೇಗನ್ ಅಂತ ಪೊಲೀಸ್ ಕಮಿಷನರ್ ಆಗಿದ್ದೋರು ಬೇರೆ ದಾರಿ ಹುಡುಕಿದ್ರು. ಕಾರಿನೊಳಗೆ ಸಣ್ಣ ರೇಡಿಯೋ ಬಚ್ಚಿಡೋದು, ಕಾರು ಕಳೆದ್ರೆ ಅದು ಕೂಗೋಹಂಗಿಲ್ಲ, ಪೊಲೀಸರ ಗಾಡಿಗೆ ಮಾತ್ರ ಗುಟ್ಟಾಗಿ ಸುಳಿವು ಕೊಡಬೇಕು. ಲೋಜ್ಯಾಕ್ ಅನ್ನೋ ಹೆಸರಲ್ಲಿ 1986ರಲ್ಲಿ ಅದು ಅಲ್ಲಿ ಶುರುವಾಯ್ತು.

ಆಮೇಲೆ ಬಂದದ್ದು ಆಕಾಶದ ಕಣ್ಣು. ಅಮೆರಿಕದ ಸೇನೆ ಜಿಪಿಎಸ್ಸಿನ ಮೊದಲ ಉಪಗ್ರಹ ಹಾರಿಸಿದ್ದು 1978ರಲ್ಲಿ. ಬಹಳ ಕಾಲ ಸಾಮಾನ್ಯ ಜನಕ್ಕೆ ಬೇಕಂತಲೇ ಮಸುಕು ಮಾಡಿ ಕೊಡ್ತಿದ್ರು, 2000ದ ಮೇ ತಿಂಗಳಲ್ಲಿ ಆ ಮಸುಕು ತೆಗೆದ್ರು. ನಮ್ಮ ಇಸ್ರೋನೂ 2013ರಿಂದ 2016ರೊಳಗೆ ಏಳು ಉಪಗ್ರಹ ಹಾರಿಸಿ ನಾವಿಕ್ ವ್ಯವಸ್ಥೆ ಕಟ್ಟಿತು. ಅದರ ಒಂದು ಮುಖ್ಯ ಕೇಂದ್ರ ಬೆಂಗಳೂರಿನ ಹತ್ರ ಬ್ಯಾಲಾಳಲ್ಲೇ ಐತೆ. 2019ರ ಜನವರಿಯಿಂದ ಹೊಸದಾಗಿ ನೋಂದಣಿಯಾಗೋ ಬಸ್ಸು, ಟ್ಯಾಕ್ಸಿಗಳಿಗೆ ಈ ಪೆಟ್ಟಿಗೆ ಜೊತೆಗೆ ಆಪತ್ತಿನ ಗುಂಡೀನೂ ಇರಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಬಂತು.

ಸುಳ್ಳು ಯಾಕೆ ಅಂದ್ರೆ, ಪೆಟ್ಟಿಗೆ ತಾನೆಲ್ಲಿದೀನಿ ಅಂತ ತಿಳ್ಕೊಳ್ಳೋಕೆ ಕಮ್ಮಿ ಅಂದ್ರೂ ನಾಲ್ಕು ಉಪಗ್ರಹ ಕಾಣಬೇಕು. ತಗಡಿನ ಶೀಟಿನ ಕೆಳಗೆ ನಿಲ್ಲಿಸಿದ್ರೆ ಸಿಗ್ನಲ್ಲು ಅಲ್ಲಿ ಇಲ್ಲಿ ಬಡಿದು ಬರ್ತದೆ. ಆಗ ಅಂಗಳದಲ್ಲಿರೋ ಗಾಡಿ ಫೋನಿನಲ್ಲಿ ಕೆರೆ ಮಧ್ಯೆ ಕಾಣ್ತದೆ! ಇನ್ನೊಂದು, ಪೆಟ್ಟಿಗೆಗೆ ಕರೆಂಟು ಬರೋದು ಗಾಡಿ ಬ್ಯಾಟರಿಯಿಂದ. ತಂತಿ ಸಡಿಲ ಆದ್ರೂ, ಕಳ್ಳ ಕತ್ತರಿಸಿದ್ರೂ ಬರೋ ಸಂದೇಶ ಒಂದೇ, ‘ಪವರ್ ಕಟ್’ ಅಂತ.

ಮೋಸ ಆಗೋದು ಇಲ್ಲೇ. ನಮ್ಮ ಹಿಂದಿನ ಬೀದೀಲಿ ಒಬ್ಬರ ಮನೇಲಿ ಒಂದೇ ತಿಂಗಳಲ್ಲಿ ಐದಾರು ಸಲ ಆ ಸಂದೇಶ ಬಂತು. ಎದ್ದೆದ್ದು ನೋಡಿ ರೋಸಿ, ಫೋನಿನ ಸದ್ದೇ ತೆಗೆದಿಟ್ರು. ಬ್ಯಾಟರಿ ಬಿಚ್ಕೊಂಡು ಹೋದ ರಾತ್ರೀನೂ ಅದೇ ಸಂದೇಶ ಬಂದಿತ್ತು. ಓದಿದ್ದು ಬೆಳಗ್ಗೆ, ಹಾಲು ಕರೆಯೋ ಹೊತ್ತಿಗೆ.

ಇನ್ನು 2023ರ ಜುಲೈ ನಮ್ಮ ಕೋಲಾರದೋರು ಮರೆಯೋಹಂಗಿಲ್ಲ. ಟೊಮೇಟೊಗೆ ಚಿನ್ನದ ರೇಟಿತ್ತು. ಕೋಲಾರದ ಮಂಡಿಯಿಂದ ರಾಜಸ್ಥಾನದ ಜೈಪುರಕ್ಕೆ ಹೊರಟ ಲಾರಿ, ಸುಮಾರು 21 ಲಕ್ಷದ ಹಣ್ಣಿನ ಸಮೇತ ಕಾಣೆಯಾಯ್ತು. ಜಿಪಿಎಸ್ ಇತ್ತು. ಸುಮಾರು 1,600 ಕಿಲೋಮೀಟರ್ ತನಕ ಲಾರಿ ಹೋದದ್ದು ಅದರಲ್ಲಿ ಕಂಡಿತ್ತು, ಆಮೇಲೆ ಸುದ್ದಿಯೇ ಇಲ್ಲ. ಚಾಲಕ ಗುಜರಾತಿನ ಕಡೆ ತಿರುಗಿಸಿ ಹಣ್ಣು ಮಾರಿದ ಅಂತ ಪೇಪರಲ್ಲಿ ಬಂತು. ಪೆಟ್ಟಿಗೆ ದಾರಿ ತೋರಿಸ್ತದೆಯೇ ಹೊರತು ಹೋಗಿ ಕೈ ಹಿಡಿಯೋಲ್ಲ.

ಗಂಟೆಯಾಗಲಿ, ಉಪಗ್ರಹವಾಗಲಿ, ಕಾವಲಿನ ಅರ್ಧ ಕೆಲಸ ಅಷ್ಟೇ ಮಾಡೋದು. ಮಿಕ್ಕ ಅರ್ಧ ಎದ್ದು ನೋಡೋ ಮನುಷ್ಯರದು. ಹತ್ತು ಸಲ ಸುಳ್ಳಾದ್ರೆ ಆ ಮನುಷ್ಯರೂ ಮಲಗಿಬಿಡ್ತಾರೆ. ಅದಕ್ಕೇ ಸುಳ್ಳು ಕೂಗನ್ನ ಸಣ್ಣ ತೊಂದರೆ ಅಂದ್ಕೋಬೇಡಿ. ಎರಡು ಸಲ ಸುಳ್ಳು ಬಂದ್ರೆ ಸದ್ದು ತೆಗೀಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ತಂತಿ, ಬ್ಯಾಟರಿ ನೋಡಿಸಿ. ಶೀಟಿನ ಕೆಳಗೆ ಬೇಡ, ಆದಷ್ಟು ಬಯಲಲ್ಲಿ ನಿಲ್ಲಿಸಿ. ಸಂದೇಶ ಮನೇಲಿ ಇಬ್ಬರ ಫೋನಿಗೆ ಬರೋಹಂಗೆ ಮಾಡಿಸಿ. ರಾತ್ರಿ ಕೂಗಿದ್ರೆ ಒಬ್ಬರೇ ಬಾಗಿಲು ತೆಗೀಬೇಡಿ, ಮೊದಲು ದೀಪ ಹಾಕಿ, ಪಕ್ಕದ ಮನೆಯೋರನ್ನ ಕೂಗಿ, ಅನುಮಾನ ಬಂದ್ರೆ 112ಕ್ಕೆ ಫೋನು ಮಾಡಿ. ನಮ್ಮ ಬೀದೀಲಿ ನಾಲ್ಕು ಮನೆಯೋರು ಹಿಂಗೇ ಮಾತಾಡ್ಕೊಂಡಿದೀವಿ. ಯಾರ ಗಾಡಿ ಕೂಗಿದ್ರೂ ನಾಲ್ಕು ಮನೇಲೂ ದೀಪ ಹತ್ತಬೇಕು.